ಬಾಣಂತಿಯ ಹೊರಸು

ದೇವದುರ್ಗದ ನಮ್ಮ ಮನೆಗೆ ಸೋಫಾ ಬಂದರೂ ನಾನು ಮಲಗುವುದು ಹಗ್ಗದ ಹೊರಸಿನ ಮೇಲೆಯೇ. ಅದನ್ನು ಹೆಣೆದವನು ಅರಕೇರಾದ ಒಬ್ಬ ಮುದುಕ. ಹಗ್ಗವನ್ನು ಕಾಲ್ಬೆರಳಲ್ಲಿ ಹಿಡಿದು, ಕೆಲಸಕ್ಕೆ ಮೊದಲು ಒಂದೇ ಮಾತು ಕೇಳುತ್ತಿದ್ದ: "ಯಾರ ಬೆನ್ನಿಗ್ರಿ?"

ಈ ಹೊರಸು ಹೆಣೆಸಿದ್ದು ಅಕ್ಕನ ಬಾಣಂತನಕ್ಕೆ. ಕೆಳಗಿಟ್ಟ ಕೆಂಡದ ಕಾವು ಬೆನ್ನಿಗೆ ತಾಗಬೇಕು, ಅದಕ್ಕೇ ಸಡಿಲ ಹೆಣೆಯಬೇಕು. ಹಾಗೆಂದು ಅವನಿಗೆ ಹೇಳಲು ನನಗೆ ತಿಳಿಸಿ ಅವ್ವ ಹೊಲಕ್ಕೆ ಹೋದಳು. ಅಕ್ಕ ಮೂರು ತಿಂಗಳಾದ ಮೇಲೆ ಗಂಡನ ಮನೆಗೆ ಹೋಗುತ್ತಾಳೆ, ಹೊರಸು ನನಗೇ ಉಳಿಯುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ಬುದ್ಧಿ ಮಾತ್ರ ಚೆನ್ನಾಗಿ ಓಡಿತು. "ನನ್ನ ಬೆನ್ನಿಗಿ. ಬಿಗಿ ಹೆಣಿ ಯಪ್ಪಾ" ಎಂದೆ.

ಅಕ್ಕ ಕೂಸಿನೊಂದಿಗೆ ಬಂದು ಮಲಗಿದಳು. ಕಾವು ಮೇಲೆ ಬರಲೇ ಇಲ್ಲ. ಅವ್ವ ಮುದುಕನನ್ನು ಕರೆಸಿ ಬೈದಳು. ಅವನು ನನ್ನ ಕಿವಿಯಲ್ಲಿ, "ನೀ ಯಾವಾಗ ಹಡದಿ ಲೇ?" ಎಂದ. ಅವ್ವನಿಗೆ, "ತಪ್ಪು ನಂದಾ ಯವ್ವಾ, ಕಿವಿ ಮಂದ ಆಗ್ಯಾವ" ಎಂದು ಹೇಳಿ, ಪೂರ್ತಿ ಬಿಚ್ಚಿ ಸಡಿಲವಾಗಿ ಹೆಣೆದುಕೊಟ್ಟ. ನಾನು ಅವನಿಗೆ ನೀರು ತಂದುಕೊಟ್ಟೆ.

ಈಗ ಆ ಸಡಿಲ ಹೊರಸಿನಲ್ಲಿ ನನ್ನದೇ ಬೆನ್ನು ನೋಯುತ್ತದೆ. ಮಾನ್ವಿಯಿಂದ ಬಂದಾಗಲೆಲ್ಲ ಅಕ್ಕ ಅದರ ಮೇಲೆ ಕುಳಿತು, "ಭಾಳ ಛಲೋ ಮುದುಕ. ಪಾಪ, ಕಿವಿ ಒಂದು ಕೇಳ್ತಿರಲಿಲ್ಲ" ಅನ್ನುತ್ತಾಳೆ.

ನಾನು "ಹೂಂ" ಅನ್ನುತ್ತೇನೆ.