ಬ್ರೇಕಮ್ಮನೂ ನಿಲ್ಲದ ಕುದುರೆಯೂ

ಐವತ್ತು ದಾಟಿದ ಹೆಂಗಸು ಕುದುರೆ ಹತ್ತುತ್ತೇನೆ ಎಂದರೆ ಮನೆಯವರು ಎರಡು ದಿನ ನಗುತ್ತಾರೆ, ಮೂರನೆಯ ದಿನ ಮರೆಯುತ್ತಾರೆ. ಅದೇ ಹೆಂಗಸು ಕುದುರೆ ಸವಾರಿಯ ಶಿಬಿರಕ್ಕೆ ಹೊಸ ಫ್ರಿಜ್ಜಿನ ದುಡ್ಡು ಕಟ್ಟುತ್ತೇನೆ ಎಂದರೆ ಯಾರಿಗೂ ನಗು ಬರುವುದಿಲ್ಲ. ಬ್ರೇಕಮ್ಮನ ಮನೆಯಲ್ಲಿ ಹಳೆಯ ಫ್ರಿಜ್ಜಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅದಕ್ಕೆ ಒಂದು ಸ್ಟೂಲು ಒತ್ತಿ ಇಡುತ್ತಿದ್ದರು. ಹಾಲು ಬೇಕೆಂದವರು ಮೊದಲು ಸ್ಟೂಲು ಸರಿಸಬೇಕು, ಆಮೇಲೆ ಹಾಲು.

ಬ್ರೇಕಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬಸ್ ಡಿಪೋದವರು ಕೊಟ್ಟದ್ದು. ಅವಳು ಸಿಟಿ ಬಸ್ಸಿನ ಡ್ರೈವರು. ಬಸ್ಸು ಓಡಿಸುವವರು ಸಾವಿರ ಜನ ಇದ್ದಾರೆ, ನಿಲ್ಲಿಸಲು ಬರುವವರು ಕಡಿಮೆ ಎಂದು ಅವಳೇ ಹೇಳುವುದುಂಟು. ಅದು ಬರೀ ಜಂಬವಲ್ಲ. ಅವಳ ಬಸ್ಸು ನಿಂತರೆ ಹೊಟ್ಟೆಯಲ್ಲಿನ ನೀರು ಅಲುಗುವುದಿಲ್ಲ. ಮೊಟ್ಟೆಯ ಟ್ರೇ ಹಿಡಿದವರು ಅವಳ ಬಸ್ಸಿಗೇ ಕಾಯುತ್ತಾರೆ. ಹೊಸ ಡ್ರೈವರುಗಳು ಬಂದಾಗ ಡಿಪೋದವರು ಮೊದಲ ವಾರ ಅವರನ್ನು ಅವಳ ಹಿಂದಿನ ಸೀಟಿನಲ್ಲಿ ಕೂರಿಸಿ, ಬೇರೆ ಏನೂ ಬೇಡ, ಬಲಗಾಲು ನೋಡಿ ಎನ್ನುತ್ತಾರೆ. ಅಂಥ ಬಲಗಾಲಿನ ಮೇಲೆ ಅವಳಿಗೆ ಹೆಮ್ಮೆ ಇದ್ದರೆ ತಪ್ಪೇನು? ನನಗಿದ್ದಿದ್ದರೆ ನಾನು ಅದಕ್ಕೆ ದಿನಾ ಎಣ್ಣೆ ಹಚ್ಚಿ ನೀವುತ್ತಿದ್ದೆ.

ಅವಳ ಬಸ್ಸಿನ ಕೊನೆಯ ಸ್ಟಾಪು ಒಂದು ಕುದುರೆ ಸವಾರಿ ಶಾಲೆಯ ಬೇಲಿಯ ಪಕ್ಕದಲ್ಲಿತ್ತು. ವಾಪಸು ಹೊರಡುವ ಹೊತ್ತಾಗುವವರೆಗೆ ಟೀ ಕುಡಿಯುತ್ತಾ ಬೇಲಿಗೆ ಒರಗಿ ಕುದುರೆ ನೋಡುವುದು ಅವಳಿಗೆ ರೂಢಿಯಾಯಿತು. ಒಂದು ಬೂದು ಬಣ್ಣದ ಹೆಣ್ಣು ಕುದುರೆ, ಎತ್ತರ ಕಡಿಮೆ, ಯಾವಾಗಲೂ ಆಗಷ್ಟೇ ನಿದ್ದೆಯಿಂದ ಎದ್ದ ಮುಖ, ಬೇಲಿಯ ಮೇಲಿಂದ ತಲೆ ಚಾಚಿ ಅವಳ ಖಾಕಿ ಅಂಗಿಯ ತೋಳು ಮೂಸುತ್ತಿತ್ತು. ಅದನ್ನು ಬೂದಿ ಎಂದು ಕರೆಯುತ್ತಿದ್ದರು. ಗಿಡ್ಡ ಕುದುರೆಯೆಂದು ಬೇರೆ ಸವಾರರು ಯಾರೂ ಅದನ್ನು ಹತ್ತುತ್ತಿರಲಿಲ್ಲ. ಒಂದು ದಿನ ಅವಳು ಟೀ ಲೋಟ ಇಟ್ಟು ಸೀದಾ ಗೇಟಿನೊಳಗೆ ಹೋಗಿ, ಈ ವಯಸ್ಸಿನವರಿಗೂ ಕಲಿಸುತ್ತೀರಾ ಎಂದು ಕೇಳಿದಳು. ಶಾಲೆಯ ಯಜಮಾನ ಅವಳನ್ನು ಮೇಲಿಂದ ಕೆಳಗೆ ನೋಡಿ, ದುಡ್ಡಿಗೆ ವಯಸ್ಸಾಗಿರಲ್ಲ ಎಂದ. ಹೀಗೆ ಶುರುವಾಯಿತು. ವಾರದ ರಜೆಯ ದಿನ ಬೆಳಿಗ್ಗೆ ಬೇರೆಯವರು ಮುಸುಕು ಹೊದ್ದು ಮಲಗಿದ್ದರೆ ಇವಳು ಬೂದಿಯ ಬೆನ್ನಿನ ಮೇಲಿರುತ್ತಿದ್ದಳು.

ಹತ್ತುವುದು ಬಂತು, ಕೂರುವುದು ಬಂತು, ಓಡಿಸುವುದೂ ಬಂತು. ನಿಲ್ಲಿಸುವುದೊಂದು ಬರಲಿಲ್ಲ! ಬೇರೆ ಯಾವುದರಲ್ಲಿ ಸೋತಿದ್ದರೂ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಗ್ಗ ಹಿಡಿದು ಯಾರಾದರೂ ಜೊತೆಗೆ ನಡೆಯುತ್ತಿದ್ದಷ್ಟು ದಿನ ಬೂದಿ ಸರಿಯಾಗೇ ನಿಲ್ಲುತ್ತಿತ್ತು. ಹಗ್ಗ ಬಿಚ್ಚಿದ ಮೇಲೆ ಲಗಾಮು ಎಳೆದಷ್ಟೂ ತಲೆ ಮೇಲೆತ್ತಿ ಮುಂದಕ್ಕೆ ನುಗ್ಗುವುದು, ಸುತ್ತ ಗಿರಕಿ ಹೊಡೆಯುವುದು. ಒಮ್ಮೆ ಹೀಗೇ ನುಗ್ಗಿ ಮೇವಿನ ಬಕೆಟ್ಟುಗಳನ್ನೆಲ್ಲ ಉರುಳಿಸಿ, ಎದುರಿಗೆ ಬರುತ್ತಿದ್ದ ಇನ್ನೊಬ್ಬ ಸವಾರನನ್ನು ಬೀಳಿಸುವುದೊಂದು ಬಾಕಿ.

ಯಜಮಾನನಿಗೆ ಅಂದು ಸಿಟ್ಟು ನೆತ್ತಿಗೇರಿತು. ನಿಲ್ಲದ ಕುದುರೆ ಇಟ್ಟುಕೊಂಡು ತಾನು ಕೋರ್ಟು ಮೆಟ್ಟಿಲು ಹತ್ತಲಾರೆ ಎಂದ. ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಿನವಿಡೀ ಹಗ್ಗದಲ್ಲಿ ಸುತ್ತಿಸುವವನೊಬ್ಬ ಬೂದಿಯನ್ನು ಕೇಳುತ್ತಿದ್ದಾನೆ, ಕೊಟ್ಟುಬಿಡುತ್ತೇನೆ ಎಂದ. ಆಮೇಲೆ ಸ್ವಲ್ಪ ತಣ್ಣಗಾಗಿ, ಬರುವ ತಿಂಗಳು ದೂರದಿಂದ ಹೆಸರಾಂತ ಮೇಡಂ ಒಬ್ಬರು ಬಂದು ಎರಡು ದಿನ ಶಿಬಿರ ನಡೆಸುತ್ತಾರೆ, ಅದರಲ್ಲಿ ಇದು ನಿಲ್ಲುವುದನ್ನು ಕಲಿತರೆ ಉಳಿಯಲಿ, ಇಲ್ಲದಿದ್ದರೆ ಪಾರ್ಕಿಗೆ ಎಂದ. ಶಿಬಿರದ ಶುಲ್ಕ ಸವಾರರದ್ದು. ಎಷ್ಟು ಎಂದು ಕೇಳಿದರೆ, ಬ್ರೇಕಮ್ಮ ಹೊಸ ಫ್ರಿಜ್ಜಿಗೆಂದು ಕೂಡಿಟ್ಟದ್ದು ಅಷ್ಟೂ ಬೇಕಿತ್ತು. ಸುಮ್ಮನೆ ಬೇಲಿಯ ಪಕ್ಕ ಕೂತು ನೋಡುವವರಿಗೆ ಮಾತ್ರ ರೇಟು ಕಡಿಮೆ ಇತ್ತು.

ಕುದುರೆ ಅವನದು, ಹಟ ಕುದುರೆಯದು, ದುಡ್ಡು ಮಾತ್ರ ತನ್ನದೇ? ಇದು ಅವಳ ವಾದ. ಅವಳ ಬಸ್ಸಿನ ಕಂಡಕ್ಟರು ಇದಕ್ಕೆ ಪೂರ್ತಿ ಒಪ್ಪಿದ. ಅವನು ಅವಳು ಹೇಳಿದ್ದಕ್ಕೆಲ್ಲ ಒಪ್ಪುತ್ತಾನೆ, ಆ ಮಾತು ಬೇರೆ. ಮಹಡಿಯ ಮೇಲೆ ಇದ್ದ ನಾದಿನಿಯ ಮಾತು ಇನ್ನೂ ಖಾರ. ಎಲ್ಲರಿಗೂ ಕುದುರೆ ಕಂಡರೆ ಕಾಲುನೋವು ಬಂದರೆ ನಮ್ಮ ಅತ್ತಿಗೆಗೆ ಕುದುರೆ ಕಂಡ ತಕ್ಷಣ ಇದ್ದ ಕಾಲುನೋವೂ ಹೋಗುತ್ತದೆ ಎಂದು ಮೊದಲು ನಕ್ಕಳು. ಆಮೇಲೆ ಸ್ಟೂಲನ್ನು ಕಾಲಿನಿಂದ ಸರಿಸಿ ತನ್ನ ಮೊಸರು ತೆಗೆದುಕೊಳ್ಳುತ್ತಾ, ಪಾತ್ರೆ ಬಡಿಯುವ ದನಿಯಲ್ಲಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಸೇರಿಸಿದಳು. ಬ್ರೇಕಮ್ಮನಿಗೆ ಅದು ಚುರಕ್ಕೆಂದಿತು. ತನಗೆ ನಿಲ್ಲಿಸಲು ಬರುವುದಿಲ್ಲವೆಂದು ಇಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲ.

ಅವಳ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಡಿಮೆ, ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದೂ ಅದಕ್ಕೊಂದು ಕಾರಣ. ಊಟವಾದ ಮೇಲೆ ಅವಳು ಅವನ ಎದುರು ಕೂತು, ಬೂದಿಯನ್ನು ಬಿಡಲು ಮನಸ್ಸಿಲ್ಲ, ತಪ್ಪು ತನ್ನದಲ್ಲದಿರುವಾಗ ಅಷ್ಟು ದುಡ್ಡು ಕಟ್ಟಲೂ ಮನಸ್ಸಿಲ್ಲ ಎಂದಳು. ನೋಡುವವರ ಜೊತೆ ಕೂತು ಬಂದರೆ ಹೇಗೆ ಎಂದೂ ಕೇಳಿದಳು. ಅವನು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದ.

"ಊಟದ ಮನೆಗೆ ಹೋಗಿ ಬರೀ ವಾಸನೆ ನೋಡ್ಕೊಂಡು ಬರ್ತೀಯಾ?" ಎಂದ. "ನನ್ನ ಹತ್ರ ದಿನಾ ಒಬ್ಬ ಬರ್ತಾನೆ, ನೀನು ಹೊಲಿದ ಪ್ಯಾಂಟು ಬಿಗಿಯಾಯ್ತು ಅಂತಾನೆ. ನಾನು ಹೊಲಿಗೆ ತಪ್ಪಾಯ್ತು ಅನ್ನಲ್ಲ, ನಿನ್ನ ಹೊಟ್ಟೆ ಬಂತು ಅಂತಾನೂ ಅನ್ನಲ್ಲ. ಇನ್ನೊಂದ್ಸಲ ಅಳತೆ ತಗೋತೀನಿ, ಅಷ್ಟೇ. ಟೇಪಿಗೆ ಯಾರ ಮುಲಾಜೂ ಇಲ್ಲ. ನೀನೂ ಹೋಗಿ ಅಳತೆ ಕೊಟ್ಟು ಬಾ. ಫ್ರಿಜ್ಜಿಗೆ ಸ್ಟೂಲಿದೆ."

ಅವಳು ಮಾರನೆಯ ದಿನವೇ ಹಣ ಕಟ್ಟಿದಳು. ಗಂಡನ ಮಾತಿಗೆ ಒಪ್ಪಿ ಕಟ್ಟಿದಳು ಎಂದು ಯಾರೂ ತಿಳಿಯಬಾರದು. ತಪ್ಪು ಕುದುರೆಯದೇ ಎಂದು ದೊಡ್ಡವರ ಬಾಯಿಂದ ಹೇಳಿಸಿ, ಅದನ್ನು ರಿಪೇರಿಯೂ ಮಾಡಿಸಿ, ನಾದಿನಿಯ ಮುಂದೆ ತಲೆಯೆತ್ತಿ ಓಡಾಡಬೇಕು ಎಂಬುದು ಅವಳ ಲೆಕ್ಕಾಚಾರವಾಗಿತ್ತು.

ಶಿಬಿರದ ಮೇಡಂ ಸಣಕಲು ಹೆಂಗಸು, ಬ್ರೇಕಮ್ಮನಿಗಿಂತ ಹಿರಿಯಳು, ತಲೆಗೆ ಹಳೆಯ ಟೋಪಿ. ಕೂಗುವುದೇ ಇಲ್ಲ. ಬ್ರೇಕಮ್ಮನ ಸರದಿ ಬಂದಾಗ ಮೊದಲು ಬೂದಿಯ ಬಾಯಿ ಬಿಡಿಸಿ ಹಲ್ಲು ನೋಡಿದಳು, ಬೆನ್ನಿನ ಉದ್ದಕ್ಕೂ ಬೆರಳು ಒತ್ತಿ ನೋಡಿದಳು, ಜೀನು ಎತ್ತಿ ಅದರ ಅಡಿ ನೋಡಿದಳು. ಈಗ ಸಿಕ್ಕಿಬೀಳುತ್ತದೆ ಎಂದು ಬ್ರೇಕಮ್ಮ ಖುಷಿಯಲ್ಲಿ ಕಾದಳು. ಏನೂ ದೋಷವಿಲ್ಲ, ಹತ್ತಿ ಎಂದಳು ಮೇಡಂ. ಒಂದು ಸುತ್ತು ನಡೆಸಿ, ಇಲ್ಲಿ ನಿಲ್ಲಿಸಿ ಎಂದಳು. ಬೂದಿ ನಿಲ್ಲಲಿಲ್ಲ. ಇನ್ನೊಮ್ಮೆ ಎಂದಳು. ಬೂದಿ ಗಿರಕಿ ಹೊಡೆಯಿತು. ಬೇಲಿಯ ಪಕ್ಕ ಕೂತವರು ಕೊಕ್ಕರೆಗಳ ಹಾಗೆ ಕತ್ತು ಉದ್ದ ಮಾಡಿದರು.

ಮೂರನೆಯ ಸಲ ಮೇಡಂ ಕುದುರೆಯ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ, ಸವಾರರು ಕಾಲಿಡುವ ಕಬ್ಬಿಣದ ರಿಕಾಪಿನ ಕೆಳಗೆ, ಬ್ರೇಕಮ್ಮನ ಬಲಗಾಲಿನ ಬೂಟಿನಡಿಗೆ, ತನ್ನ ಅಂಗೈ ಕೊಟ್ಟಳು. ಈಗ ನಿಲ್ಲಿಸಿ ಎಂದಳು. ಬ್ರೇಕಮ್ಮ ಲಗಾಮು ಎಳೆದಳು. ಮೇಡಂ ಅಂಗೈಯನ್ನು ಹಾಗೇ ಇಟ್ಟುಕೊಂಡು ಮುಖ ಮೇಲೆತ್ತಿ ನೋಡಿದಳು.

"ನೀವು ಏನು ಕೆಲಸ ಮಾಡ್ತೀರಿ?"

"ಬಸ್ ಓಡಿಸ್ತೀನಿ."

"ಅದಕ್ಕೇ ಮತ್ತೆ. ನಿಲ್ಲು ಅಂದಾಗೆಲ್ಲ ಬಲಗಾಲಲ್ಲಿ ಬ್ರೇಕ್ ತುಳೀತಿದ್ದೀರಿ. ನಿಮಗದು ಬ್ರೇಕು. ಪಾಪ, ಈ ಕುದುರೆಗೆ ಅದು ಆಕ್ಸಿಲರೇಟರು."

ಸಂಗತಿ ಇಷ್ಟೇ. ಕಾಲ್ಬೆರಳ ತುದಿ ಒತ್ತಿದರೆ ಹಿಮ್ಮಡಿ ಮೇಲೇಳುತ್ತದೆ, ಮೀನಖಂಡ ಕುದುರೆಯ ಹೊಟ್ಟೆಯನ್ನು ಅಮುಕುತ್ತದೆ. ಹೊಟ್ಟೆ ಅಮುಕಿದರೆ ಮುಂದಕ್ಕೆ ಹೋಗು ಎಂದು ಕುದುರೆಗೆ ಕಲಿಸಿರುತ್ತಾರೆ. ಕೈ ನಿಲ್ಲು ಎನ್ನುತ್ತಿತ್ತು, ಕಾಲು ನಡಿ ಎನ್ನುತ್ತಿತ್ತು. ಹಗ್ಗ ಬಿಚ್ಚಿದಂದಿನಿಂದ ಬೂದಿ ಎರಡು ಮಾತನ್ನೂ ಪಾಲಿಸಲು ಒದ್ದಾಡುತ್ತಿತ್ತು. ಹಟಮಾರಿ ಎಂಬ ಬಿರುದು ಬೇರೆ ಅದಕ್ಕೆ.

ಬ್ರೇಕಮ್ಮನಿಗೆ ಅವಮಾನವಾಯಿತು. ಸಿಟ್ಟೂ ಬಂತು. ಮುಖ ಕೆಂಪಗೆ ಮಾಡಿಕೊಂಡು ಇಳಿದು, ಲಾಯದ ಹಿಂದಿನ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಳು. ಇಷ್ಟು ವರ್ಷ ಅನ್ನ ಹಾಕಿದ ಕಾಲು. ಹೊಸ ಹುಡುಗರೆಲ್ಲ ನೋಡಿ ಕಲಿತ ಕಾಲು. ಅದನ್ನೇ ಬೊಟ್ಟು ಮಾಡಿ ತೋರಿಸಲು ಇವರಿಗೆ ಫ್ರಿಜ್ಜಿನ ದುಡ್ಡು ಕೊಡಬೇಕಿತ್ತೆ? ಆ ದಿನ ಮನೆಗೆ ಬಂದವಳು ಸ್ಟೂಲಿಗೆ ಎಡವಿ ಅದಕ್ಕೂ ಬೈದಳು. ಮರುದಿನ ಬೆಳಿಗ್ಗೆ ಗಂಡ ಅವಳ ಸವಾರಿ ಪ್ಯಾಂಟಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟು, ನಾನೂ ಬರ್ತೀನಿ ಎಂದ. ಅವನು ಬರುತ್ತೇನೆ ಎಂದ ಮೇಲೆ ಹೋಗದೆ ಇರುವುದು ಹೇಗೆ?

ಎರಡನೆಯ ದಿನ ಮೇಡಂ ರಿಕಾಪುಗಳನ್ನೇ ಬಿಚ್ಚಿಸಿಬಿಟ್ಟಳು. ಒತ್ತಲು ಏನೂ ಇಲ್ಲದೆ ಬಲಗಾಲು ಗಾಳಿಯಲ್ಲಿ ಪೆಡಲು ಹುಡುಕಾಡಿತು. ಕಾಲು ಮರೆತುಬಿಡಿ, ಮೈಯಿಂದ ನಿಲ್ಲಿಸಿ, ಉಸಿರಿನಿಂದ ನಿಲ್ಲಿಸಿ ಎಂದಳು ಮೇಡಂ. ಉಸಿರಿನಿಂದ ನಿಲ್ಲಿಸುವುದೆಂದರೇನು ಎಂದು ಬ್ರೇಕಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಸುತ್ತಿನ ಮೇಲೆ ಸುತ್ತು ಹಾಕಿದಳು. ಬೂದಿ ನಡೆಯುತ್ತಲೇ ಇತ್ತು. ಯಜಮಾನ ಗಡಿಯಾರ ನೋಡಿಕೊಂಡ. ಪಾರ್ಕಿನವನಿಗೆ ಫೋನು ಮಾಡುವ ಹೊತ್ತನ್ನು ಅವನು ಎಣಿಸುತ್ತಿದ್ದಾನೆ ಎಂದು ಅವಳಿಗೆ ಅನಿಸಿತು.

ಆಗ ಅವಳು ತಾನು ಬಸ್ಸು ನಿಲ್ಲಿಸುವುದು ಹೇಗೆ ಎಂದು ಮೊದಲ ಸಲ ಯೋಚಿಸಿದಳು. ಇಷ್ಟು ವರ್ಷ ಮಾಡಿದ್ದನ್ನು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಸ್ಟಾಪು ದೂರದಲ್ಲಿ ಕಂಡೊಡನೆ ಭುಜ ಇಳಿಯುತ್ತದೆ. ಬೆನ್ನು ಸೀಟಿಗೆ ಒರಗುತ್ತದೆ. ಉದ್ದಕ್ಕೆ ಒಂದು ಉಸಿರು ಹೊರಹೋಗುತ್ತದೆ. ಅದನ್ನು ಕನ್ನಡಿಯಲ್ಲಿ ಕಂಡೇ ಹಿಂದೆ ಕೂತವರು ಚೀಲ ಎತ್ತಿಕೊಳ್ಳುತ್ತಾರೆ. ಕಾಲು ಬರುವುದು ಎಲ್ಲಕ್ಕಿಂತ ಕೊನೆಗೆ. ಹೊಸ ಹುಡುಗರು ಅಷ್ಟು ದಿನ ನೋಡಿದ್ದು ತಪ್ಪು ಜಾಗವನ್ನು, ಅವಳು ಹೆಮ್ಮೆಪಟ್ಟದ್ದೂ ತಪ್ಪು ಜಾಗಕ್ಕೆ.

ಅವಳು ಭುಜ ಇಳಿಸಿದಳು. ಜೀನಿನ ಮೇಲೆ ಭಾರ ಬಿಟ್ಟು ಕೂತು ಉಸಿರು ಬಿಟ್ಟಳು. ಬೂದಿಯ ಕಿವಿ ಹಿಂದಕ್ಕೆ ತಿರುಗಿತು. ಒಂದು ಹೆಜ್ಜೆ, ಇನ್ನರ್ಧ ಹೆಜ್ಜೆ, ಅಷ್ಟೇ. ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು.

ಅವಳ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಎಂದು ಒರೆಸಿಕೊಳ್ಳಲಿಲ್ಲ. ಮೇಡಂ ಮತ್ತೊಮ್ಮೆ ಎಂದಳು, ಬೂದಿ ನಿಂತಿತು. ಓಡಿಸಿಕೊಂಡು ಬಂದು ನಿಲ್ಲಿಸಿ ಎಂದಳು, ಆಗಲೂ ನಿಂತಿತು. ಮಧ್ಯಾಹ್ನದ ಮೇಲೆ ರಿಕಾಪು ಕಟ್ಟಿ, ಹಿಮ್ಮಡಿ ಕೆಳಗೆ ಬಿಟ್ಟು ನಿಲ್ಲಿಸಿದಾಗಲೂ ಬೂದಿ ನಿಂತಿತು. ಬೇಲಿಯ ಪಕ್ಕ ಗಂಡ ಎದ್ದು ನಿಂತಿದ್ದ. ಪಕ್ಕದವರೊಬ್ಬರಿಗೆ, ನಮ್ಮನೆಯವಳು ಎಂದು ಹೇಳುತ್ತಿದ್ದ. ಯಾರೆಂದು ಅವರು ಕೇಳಿರಲೇ ಇಲ್ಲ.

ಕೊನೆಯಲ್ಲಿ ಎಲ್ಲರೂ ಅಂಗಳದಲ್ಲಿ ಸೇರಿದಾಗ ಯಜಮಾನ ಬೂದಿಯ ಕತ್ತು ತಟ್ಟಿ, ಅಂತೂ ಈ ಹಟಮಾರಿ ಸರಿಹೋಯಿತು, ಇನ್ನು ಇಲ್ಲೇ ಇರಲಿ ಎಂದು ದೊಡ್ಡ ದನಿಯಲ್ಲಿ ಘೋಷಿಸಿದ. ಬ್ರೇಕಮ್ಮ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುದುರೆ ಹೇಗೂ ಉಳಿದಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

"ಕುದುರೆ ಸರಿಯಾಗೇ ಇತ್ತು," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಸರಿಹೋಗಿದ್ದು ನಾನು."

ಅವಳು ಅದನ್ನು ತಲೆ ತಗ್ಗಿಸಿ ಹೇಳಲಿಲ್ಲ. ಅಪಘಾತವಿಲ್ಲದ ಸೇವೆಗೆ ಹಿಂದೊಮ್ಮೆ ಡಿಪೋದಲ್ಲಿ ಪದಕ ತೊಡಿಸಿದಾಗ ಹೇಗೆ ನಿಂತಿದ್ದಳೋ ಅಷ್ಟೇ ನೆಟ್ಟಗೆ ನಿಂತು ಹೇಳಿದಳು. ಯಜಮಾನ ಬೂದಿಯ ಕತ್ತಿನ ಮೇಲಿಂದ ಕೈ ತೆಗೆದ.

ಮನೆಗೆ ಬರುವಾಗ ಸ್ಕೂಟರು ಓಡಿಸುತ್ತಿದ್ದವನು ಗಂಡ. ಹಿಂದೆ ಕೂತವಳ ಮೈಯೆಲ್ಲ ನೋವು, ಬಟ್ಟೆಯೆಲ್ಲ ಕುದುರೆಯ ವಾಸನೆ. ಸಿಗ್ನಲ್ಲಿನಲ್ಲಿ ಅವನು ಕತ್ತು ತಿರುಗಿಸಿದ.

"ಅಲ್ವೇ, ಫ್ರಿಜ್ಜಿನ ದುಡ್ಡು ಕೊಟ್ಟು, ತಪ್ಪು ನಂದೇ ಅಂತ ಬರೆಸ್ಕೊಂಡು ಬಂದ ಹಾಗಾಯ್ತಲ್ಲ?"

"ಹೂಂ," ಎಂದಳು ಬ್ರೇಕಮ್ಮ, ಅವನ ಬೆನ್ನಿಗೆ ಗಲ್ಲ ಆನಿಸಿ. "ಅಗ್ಗಕ್ಕೇ ಸಿಕ್ತು."