ಬೆರಳು ಇವಳದು, ಶುಗರ್ ಅವನದು

ಬೆರಳ ತುದಿಗೆ ಸ್ಪಿರಿಟ್ ಹತ್ತಿ ಒತ್ತಿದಾಗ ಬರುವ ತಣ್ಣನೆಯ ವಾಸನೆ ನಿಮಗೂ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನೀವು ಅದೃಷ್ಟವಂತರು, ಅಥವಾ ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ. ಹೋದ ವರ್ಷ ನನಗೂ ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ಮಗಳು ಅಂಗೈಯಗಲದ ಯಂತ್ರವೊಂದನ್ನು ತಂದುಕೊಟ್ಟಿದ್ದಾಳೆ. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಐದು ಎಣಿಸುವಷ್ಟರಲ್ಲಿ ಅಂಕಿ ಮೂಡುತ್ತದೆ. ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾವು ನಿವೃತ್ತರು ಒಬ್ಬರನ್ನೊಬ್ಬರು ‘ಇವತ್ತೆಷ್ಟು ಸಾರ್?’ ಎಂದು, ಅಂಕಪಟ್ಟಿ ಹಿಡಿದು ಬಂದ ಶಾಲಾಮಕ್ಕಳ ಹಾಗೆ ಕೇಳಿಕೊಳ್ಳುತ್ತೇವೆ. ನನ್ನದು ನೂರ ಎಪ್ಪತ್ತಿದ್ದರೆ ನೂರ ನಲವತ್ತು ಎನ್ನುತ್ತೇನೆ. ಮೂವತ್ತು ವರ್ಷ ಪತ್ರಿಕೆಯಲ್ಲಿದ್ದು, ಊರಿನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುತ್ತಿದ್ದವನ ಸತ್ಯನಿಷ್ಠೆ ಇಷ್ಟು.

ಆ ವಾಸನೆ ಬಂದಾಗಲೆಲ್ಲ ಗಾಜಿನ ಬಳೆ ತೊಟ್ಟ ಒಂದು ಕೈ ನೆನಪಾಗುತ್ತದೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಪೀಣ್ಯದಲ್ಲಿ ಮೆಟ್ರೊ ಕಂಬಗಳು ಎದ್ದಿದ್ದವು, ರೈಲು ಇನ್ನೂ ಬಂದಿರಲಿಲ್ಲ. ತುಮಕೂರು ರಸ್ತೆಯ ಆಚೀಚೆಯ ಕಾರ್ಖಾನೆಗಳ ಸುದ್ದಿ ನನ್ನ ಪಾಲಿಗಿತ್ತು. ಉಚಿತ ಆರೋಗ್ಯ ಶಿಬಿರ ಎಂದರೆ ವರದಿಗಾರರು ಮೂಗು ಮುರಿಯುತ್ತಾರೆ: ಬ್ಯಾನರು, ಶಾಲು, ಒಂದು ತಾಸಿನ ಭಾಷಣ, ಕೊನೆಗೆ ಕೆಮ್ಮಿದವರಿಗೂ ಕುಂಟಿದವರಿಗೂ ಅದೇ ಬಿಳಿ ಮಾತ್ರೆ. ಹಾಗಾಗಿ ಮಾಕಳಿಗೆ ಸೇವಾ ಸಂಸ್ಥೆಯೊಂದರ ವ್ಯಾನು ಬರುತ್ತದೆ ಎಂದಾಗ ಅರೆಮನಸ್ಸಿನಿಂದಲೇ ಹೋದೆ. ಅಲ್ಲಿ ಶಾಲೂ ಇರಲಿಲ್ಲ, ಭಾಷಣವೂ ಇರಲಿಲ್ಲ. ಶೀಟಿನ ಮನೆಗಳ ಸಾಲಿನ ಮುಂದೆ ವ್ಯಾನು ನಿಂತಿತ್ತು. ಅದರ ಎರಡು ಪುಟ್ಟ ಕಿಟಕಿಗಳ ಹಿಂದೆ ಇಬ್ಬರು ಸಿಸ್ಟರ್‌ಗಳು. ಹಿಂದಿನ ದಿನವೇ ಮನೆಮನೆಗೆ ಹೋಗಿ ಹೆಸರು ಬರೆದ ಕಾರ್ಡು ಹಂಚಿದ್ದರು. ಕಾರ್ಡು ಕೊಟ್ಟು ಕಿಟಕಿಯೊಳಗೆ ಬೆರಳು ಚಾಚಿದರೆ ಆಯಿತು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಕೆಲಸದ ಮೇಲೆ ನಂಬಿಕೆ ಇದ್ದವರು. ‘ನೋಡಿ ಸಾರ್, ಇವ್ರು ಶುಗರ್ ಟೆಸ್ಟ್ ಮಾಡಿಸ್ಬೇಕಂದ್ರೆ ಒಂದಿನ ರಜಾ, ರಿಪೋರ್ಟ್ ತರೋಕೆ ಇನ್ನೊಂದಿನ ರಜಾ. ಯಾರ್ ಹೋಗ್ತಾರೆ ಹೇಳಿ? ಅದಕ್ಕೆ ಲ್ಯಾಬನ್ನೇ ಇವ್ರ ಬಾಗಿಲಿಗೆ ತಂದ್ಬಿಟ್ವಿ’ ಎಂದರು. ಅವರ ಮಾತು ನನಗೆ ಒಪ್ಪಿಗೆಯಾಯಿತು. ಇಂದಿಗೂ ಒಪ್ಪಿಗೆಯೇ. ಶಿಫ್ಟಿನಲ್ಲಿದ್ದವರು ಹೇಗೆ ಬರಬೇಕು ಎಂಬುದೊಂದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಸಾಲಿನಲ್ಲಿ ನನ್ನ ಪಕ್ಕಕ್ಕೆ ಹುಲಿಗೆವ್ವ ನಿಂತಿದ್ದಳು. ಕೊಪ್ಪಳದ ಕಡೆಯವಳು, ಗಾರೆ ಕೆಲಸದವಳು. ಗಂಡ ಯಮನೂರಪ್ಪ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುತ್ತಿದ್ದ. ಕಾದ ಕಬ್ಬಿಣದ ಚೂರು ಬಿದ್ದು ಅವನ ಪಾದಕ್ಕಾದ ಗಾಯ ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. ಶುಗರ್ ಇದ್ದರೆ ಹೀಗಾಗುತ್ತದೆ ಎಂದು ಯಾರೋ ಹೇಳಿದ್ದರು. ಅದೊಂದನ್ನು ತಿಳಿಯಲೆಂದೇ ಅವಳು ಕೆಲಸ ಬಿಟ್ಟು ಬಂದಿದ್ದಳು. ಒಂದು ಕಿಟಕಿಯಲ್ಲಿ ಎಡಗೈ ಬೆರಳು ಕೊಟ್ಟು ತನ್ನ ಕಾರ್ಡು ಬರೆಸಿಕೊಂಡಳು. ಆಮೇಲೆ ಇನ್ನೊಂದು ಕಿಟಕಿಯ ಸಾಲಿಗೆ ಹೋಗಿ ನಿಂತಳು.

‘ಯಾಕಮ್ಮ, ನಿಂದು ಆಯ್ತಲ್ಲ?’ ಎಂದೆ.

‘ನಂದು ಆತ್ರಿ ಸರ. ಇದು ನಮ್ಮ ಮನಿಯವ್ರದು. ಅವ್ರು ಡ್ಯೂಟಿಗೆ ಹೋಗ್ಯಾರ. ನಡುವ ಬಿಟ್ಟು ಬಂದ್ರ ನಾಳಿಂದ ಬರಬ್ಯಾಡ ಅಂತಾರ.’

‘ಅವನ ಬದಲು ನೀನಾ?’

‘ಹೂನ್ರಿ. ಕಟ್ಟಡದ ಕೆಲಸದಾಗ ಹಾಜರಿಗೆ ಅವ್ರ ಹೆಬ್ಬಟ್ಟು ನಾನ ಒತ್ತತಿದ್ದೆ. ಬೆರಳು ಬೇಕು ಅಂತಾರ, ಯಾರದು ಅಂತ ಎಲ್ಲಿ ಕೇಳ್ತಾರ್ರಿ? ಅದೂ ಅಲ್ದ ಒಂದ ಗಂಗಾಳದಾಗ ಉಣ್ಣೋ ಮಂದಿ ನಾವು. ರಕ್ತ ಬ್ಯಾರೆ ಹೆಂಗಾಗ್ತೈತಿ?’

ಹಿಂದೆ ನಿಂತಿದ್ದವಳೊಬ್ಬಳು, ‘ಏ ಹುಲಿಗೆವ್ವ, ಗಂಡನ ಬದ್ಲಿ ಮೀಸಿನೂ ಬಿಡ್ತಿಯೇನ?’ ಎಂದು ಕಿಚಾಯಿಸಿದಳು. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ.

ಅವಳ ಸರದಿ ಬಂತು. ಹಸಿರು ಬಳೆಗಳ ಕೈ ಕಿಟಕಿಯೊಳಗೆ ಹೋಯಿತು. ಸಿಸ್ಟರ್ ತಲೆ ಎತ್ತಲಿಲ್ಲ. ಬೆಳಗ್ಗಿನಿಂದ ಅವರು ನೋಡಿದ್ದು ಬರೀ ಬೆರಳುಗಳನ್ನೇ. ‘ನೂರಾ ಹತ್ತು. ನಾರ್ಮಲ್. ನೆಕ್ಸ್ಟ್’ ಎಂದು ಯಮನೂರಪ್ಪನ ಕಾರ್ಡಿನ ಮೇಲೆ ಬರೆದು ಕೊಟ್ಟರು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನೋಡಿದ್ದನ್ನು ಬರೆಯಬೇಕು, ನಡೆಯುವುದಕ್ಕೆ ಕೈ ಹಾಕಬಾರದು ಎಂದು ಹೊಸ ವರದಿಗಾರರಿಗೆ ಪಾಠ ಹೇಳುತ್ತಿದ್ದವನು ನಾನೇ. ಆದರೆ ಆ ಹೊತ್ತಿನಲ್ಲಿ ಅಂಥ ನಿಯಮವೇನೂ ನೆನಪಿಗೆ ಬಂದಿರಲಿಲ್ಲ. ಒಳ್ಳೆಯ ಬಾಕ್ಸ್ ಸಿಕ್ಕಿತು ಎಂಬ ಖುಷಿಯಷ್ಟೇ ಇತ್ತು. ಮುಖ್ಯ ವರದಿಯ ಪಕ್ಕದಲ್ಲಿ ಚೌಕ ಹಾಕಿ ಕೊಡುವ ತುಣುಕು ಸುದ್ದಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ.

ಕಚೇರಿಯಲ್ಲಿ ಸುದ್ದಿ ಸಂಪಾದಕರು ಅದನ್ನು ಎರಡು ಸಲ ಓದಿದರು. ‘ಗುರು, ಸಕ್ಕತ್ತಾಗಿದೆ ಕಣೋ ಇದು!’ ಎಂದು ತಾವೇ ತಲೆಬರಹ ಕೊಟ್ಟರು: ‘ಬೆರಳು ಇವಳದು, ಶುಗರ್ ಅವನದು!’ ಬಡ ಹೆಂಗಸಿನ ಮರ್ಯಾದೆ ಹೋಗಬಾರದೆಂದು ನಾನು ಹೆಸರು ಹಾಕಿರಲಿಲ್ಲ. ಆ ಸೂಕ್ಷ್ಮತೆಗಾಗಿ ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮರುದಿನ ಡಾಕ್ಟರು ಫೋನು ಮಾಡಿ ಮನಸಾರೆ ನಕ್ಕರು. ಸಂಸ್ಥೆಯವರು ಆ ತುಣುಕನ್ನು ಕತ್ತರಿಸಿ ವ್ಯಾನಿನ ಬಾಗಿಲಿಗೆ ಅಂಟಿಸಿದರಂತೆ. ಓದಿ ನಕ್ಕವರಲ್ಲಿ ಒಬ್ಬರಿಗೂ, ಹಾಗಾದರೆ ಆ ಕಾರ್ಡು ಎಲ್ಲಿದೆ ಎಂದು ಕೇಳಬೇಕೆನಿಸಲಿಲ್ಲ. ಕೇಳಿದ್ದರೂ ಹುಡುಕಲು ಹೆಸರಿರಲಿಲ್ಲ.

ಹತ್ತು ತಿಂಗಳ ಮೇಲೆ, ವ್ಯಾನಿನಿಂದ ಆದ ಉಪಯೋಗದ ಬಗ್ಗೆ ಇನ್ನೊಂದು ವರದಿ ಮಾಡೋಣವೆಂದು ಮತ್ತೆ ಮಾಕಳಿಗೆ ಹೋದೆ. ಯಮನೂರಪ್ಪನನ್ನು ಆಗಲೇ ಮೊದಲ ಸಲ ನೋಡಿದ್ದು. ಹೊಸ್ತಿಲ ಮೇಲೆ ಕೂತಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಪತ್ರಿಕೆಯವನು ಎಂದು ತಿಳಿದಾಗ ಒಳಗಿನಿಂದ ಕಾರ್ಡು ತರಿಸಿದ. ಹಾಳಾಗದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿಸಿದ್ದರು.

‘ನೋಡ್ರಿ ಸರ, ನಾರ್ಮಲ್ ಅಂತ ಬರದಾರಂತ. ಇಕಿ ನನ್ನ ಬದ್ಲಿ ಬೆರಳು ಕೊಟ್ಟು ಬಂದಾಗ ಭಾಳ ಶ್ಯಾಣ್ಯಾಕಿ ಅದಿ ಬಿಡು ಅಂದಿದ್ದೆ. ಕ್ಲಿನಿಕ್ಕಿನ ಡಾಕ್ಟ್ರಿಗೆ ಇದನ್ನ ತೋರ್ಸಿದೆ. ಶುಗರ್ ಇಲ್ಲ, ಬರೇ ಗಾಯ ಅಂತ ಪಟ್ಟಿ ಕಟ್ಟಿ ಕಳಿಸಿದ್ರು. ಕಡೀಕ ದೊಡ್ಡಾಸ್ಪತ್ರಿಗೆ ಹೋದ್ರ ನಾಕ್ನೂರು ಐತಿ ಅಂದ್ರು. ಮಿಷನ್ ಇಷ್ಟ ಸುಳ್ಳು ಹೇಳ್ತೈತೇನ್ರಿ?’

ವಿಚಾರಿಸ್ತೀನಿ ಎಂದು ಎದ್ದೆ. ಹುಲಿಗೆವ್ವ ಕೊಡ ಹಿಡಿದು ನಲ್ಲಿಯವರೆಗೆ ನನ್ನ ಹಿಂದೆಯೇ ಬಂದಳು.

‘ಆಸ್ಪತ್ರ್ಯಾಗ ಸಿಸ್ಟರ್ ನನಗ ಬೈದ್ರು ಸರ, ಒಬ್ಬೊಬ್ರ ರಕ್ತ ಒಂದೊಂದು ನಮೂನಿ ಇರ್ತೈತಿ ಅಂತ. ನಮ್ಮ ಮನಿಯವ್ರ ಮುಂದ ಇದನ್ನ ನಾ ಹೇಳಿಲ್ಲ. ಮಿಷನ್ ಕೆಟ್ಟಿತ್ತು ಅಂದೇನಿ.’ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ‘ಅವತ್ತು ನಿಮಗ ಗೊತ್ತಿತ್ತಲ್ರಿ? ನೀವು ನಕ್ಕಿದ್ರಿ.’

ಅವಳು ನಲ್ಲಿ ತಿರುಗಿಸಿದಳು.

‘ಅವತ್ತು ಒಂದ್ ಮಾತು ಹೇಳ್ಲಿಲ್ಲ. ಇವತ್ತರ ಹೇಳ್ರಿ, ಮಿಷನ್ ಕೆಟ್ಟಿತ್ತು ಅಂತ. ಪೇಪರಿನವ್ರು ಅಂದ್ರ ನಂಬ್ತಾರ. ನಾ ಅವ್ರ ಜೋಡಿ ಬಾಳೇವು ಮಾಡ್ಬೇಕ್ರಿ.’

ಹಿಂದಿರುಗಿ ಹೋದೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೂ ಸೇರಿದ್ದರು. ‘ಹೌದಪ್ಪ, ಆ ಮಿಷನ್ನೇ ಸರಿ ಇರ್ಲಿಲ್ಲ’ ಎಂದು ಯಮನೂರಪ್ಪನಿಗೆ ಹೇಳಿದೆ. ದನಿ ನಡುಗಲಿಲ್ಲ, ಹೇಳಿಕೆ ಕೊಡುವವರನ್ನು ಅಷ್ಟು ವರ್ಷ ನೋಡಿದ್ದೆನಲ್ಲ. ಅವನು ಹೆಂಡತಿಯ ಕಡೆ ನೋಡಿ, ‘ನೀ ಹೇಳಿದ್ದು ಖರೇ ಆತು ನೋಡು’ ಎಂದ.

ಮುಂದಿನ ತಿಂಗಳು ಡಾಕ್ಟರ ಫೋನು ಬಂತು. ‘ಸಾರ್, ಮಾಕಳೀಲಿ ಯಾರೂ ಬೆರಳೇ ಕೊಡ್ತಿಲ್ಲ. ವ್ಯಾನ್ ಬಂದ್ರೆ ಬಾಗ್ಲು ಹಾಕ್ಕೊಂಡ್ಬಿಡ್ತಾರೆ. ಪೇಪರ್‌ನವರೇ ಬಂದು ಮಿಷನ್ ಸುಳ್ಳು ಅಂದ್ರಂತೆ. ಯಾವ ಪೇಪರ್ ಸಾರ್ ಅದು?’

‘ಗೊತ್ತಿಲ್ಲ, ವಿಚಾರಿಸ್ತೀನಿ’ ಎಂದೆ. ವ್ಯಾನು ಆಮೇಲೆ ಬೇರೆ ಕಡೆಗೆ ಹೋಯಿತು. ಆ ಸಾಲಿನಲ್ಲಿ ಇನ್ನೆಷ್ಟು ಜನರ ಕಾಲಿನಲ್ಲಿ ಮಾಯದ ಗಾಯವಿತ್ತೋ ನಾನು ವಿಚಾರಿಸಲಿಲ್ಲ. ಎರಡನೆಯ ವರದಿಯನ್ನು ಬರೆಯಲೂ ಇಲ್ಲ.

ಈಗ ಬರೆಯುತ್ತಿದ್ದೇನೆ, ಈ ಸಲವೂ ನಿಜವಾದ ಹೆಸರು ಹಾಕದೆ. ಅಂದು ಎರಡೂ ಕಿಟಕಿಯ ಯಂತ್ರಗಳು ಇದ್ದದ್ದನ್ನೇ ಹೇಳಿದ್ದವು. ಇಷ್ಟನ್ನು ಬರೆಯಲು ನನಗಿರುವ ಧೈರ್ಯವೆಂದರೆ, ಯಮನೂರಪ್ಪನಿಗೆ ಓದಲು ಬರುವುದಿಲ್ಲ.