ಕರಿಧೂಳಿನ ತರಬೇತಿ

ಕೊಪ್ಪಳದ ಹತ್ತಿರ, ಕಾರ್ಖಾನೆಗಳ ಕರಿಧೂಳು ಬೀಳುವ ಹಳ್ಳಿಯೊಂದರ ಹೆಣ್ಣುಮಕ್ಕಳಿಗೆ ಆ ಧೂಳನ್ನು ಸುರಕ್ಷಿತವಾಗಿ ತೆಗೆಯುವ ಕೆಲಸ ಕಲಿಸಲು ಸರ್ಕಾರದ ಅನುದಾನ ಬಂದಿತ್ತು. ಕಲಿಸಲು ಹೋದವನು ನಾನು. ನೋಡಿದರೆ ಓಣಿಯೆಲ್ಲ ಥಳಥಳ. ಮಾಳಿಗೆಯನ್ನೂ ಬಿಡದೆ ತೊಳೆದಿದ್ದರು.

"ಏನ್ ಯಕ್ಕಾ, ಧೂಳ ಇಲ್ಲಲ್ಲ, ನಾ ಏನ್ ಕಲಿಸ್ಲಿ?" ಅಂದೆ, ತರಬೇತಿಗೆ ತನ್ನ ಮನೆಯ ಅಂಗಳ ಬಿಟ್ಟುಕೊಟ್ಟಿದ್ದ ಶಾಂತವ್ವನಿಗೆ.

"ಸರ್ಕಾರದವ್ರು ಮನಿಗೆ ಬರ್ತಾರಂದ್ರ ಹೊಲಸ ಇಟ್ಕೊಂಡು ಕುಂದರೂದು ಹೆಂಗ್ರಿ ಸರ್? ನಸುಕಿನ್ಯಾಗ ಎದ್ದು ಎಲ್ಲಾರೂ ತೊಳದೀವಿ."

ನಾನು ಚೀಲ ಎತ್ತಿಕೊಂಡೆ. ಆಕೆ ಕಟ್ಟೆಯ ಮೇಲೆ ಬಿಳಿ ಟವೆಲ್ ಹಾಸಿದಳು.

"ಚಾ ಕುಡೀರಿ. ಅಷ್ಟ್ರಾಗ ಬರ್ತೈತಿ."

ನೋಡೇಬಿಡೋಣ ಅಂತ ಕೂತೆ. ಎರಡನೇ ಚಹಾ ಮುಗಿಯುವಷ್ಟರಲ್ಲಿ ಟವೆಲ್ ಬೂದಿ ಬಣ್ಣಕ್ಕೆ ತಿರುಗಿತ್ತು.

ಸರ್ಕಾರಿ ತರಬೇತಿಯ ಸಾಮಗ್ರಿ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.